ಹಳೆ ಥಾರ್‌ಗೆ ಮ್ಯೂಸಿಕ್ ಸಿಸ್ಟಂ: ಸಂಡೂರಿನ ಧೂಳು, ರಾಯಚೂರಿನ ಬಿಸಿಲು ತಡೆಯೋ ಹಾಗೆ ಹೇಗೆ ಮಾಡಿಸೋದು?

ಕೌಲ್‌ಬಜಾರ್ ಥಾರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಮಹೀಂದ್ರ ಥಾರ್ ಜೀಪು, ಸಿಆರ್‌ಡಿಇ ಡೀಸೆಲ್ ಎಂಜಿನ್, ಸಾಫ್ಟ್ ಟಾಪ್ (ಕ್ಯಾನ್ವಾಸ್ ಹೊದಿಕೆ). ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಭಾನುವಾರ ಬಂತು ಅಂದ್ರೆ ಸಂಡೂರಿನ ಗುಡ್ಡದ ಕಡೆ, ಇಲ್ಲಾಂದ್ರೆ ಆನೆಗೊಂದಿ, ಸಾಣಾಪುರದ ಕಡೆ ಹೋಗುತ್ತೇವೆ. ಈ ಗಾಡಿಗೆ ಕಂಪನಿಯಿಂದ ಮ್ಯೂಸಿಕ್ ಸಿಸ್ಟಂ ಬರೋದಿಲ್ಲ ಅನ್ನೋದು ನಿಮಗೆ ಗೊತ್ತು. ಹಿಂದಿನ ಮಾಲೀಕರು ಒಂದು ಬ್ಲೂಟೂತ್ ಸ್ಟೀರಿಯೊ, ಡ್ಯಾಶ್‌ಬೋರ್ಡ್ ಕೆಳಗೆ ಎರಡು 4 ಇಂಚಿನ ಸ್ಪೀಕರ್, ಹಿಂದೆ ಎರಡು ಓವಲ್ ಸ್ಪೀಕರ್ ಹಾಕಿಸಿದ್ದರು. ಹಿಂದಿನ ಎಡಗಡೆಯದ್ದು ಈಗ ಕರಕರ ಅನ್ನುತ್ತೆ. ಹೈವೇಯಲ್ಲಿ 70 ದಾಟಿದರೆ ಹಾಡಿನ ಚುರುಕು ಸದ್ದು ಮಾತ್ರ ಕಿವಿಗೆ ಚುಚ್ಚುತ್ತೆ, ತಬಲಾನೂ ಇಲ್ಲ, ದನಿಯ ತೂಕಾನೂ ಇಲ್ಲ.

ಊರಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. 9 ಇಂಚಿನ ಆಂಡ್ರಾಯ್ಡ್ ಪರದೆ, '2000 ವಾಟ್' ಅಂತ ಬರೆದಿರೋ ಆಂಪ್ಲಿಫೈಯರ್, ದೊಡ್ಡ ಡಬ್ಬದಲ್ಲಿ 12 ಇಂಚಿನ ಸಬ್‌ವೂಫರ್, ಎಲ್ಲಾ ಸೇರಿ 55 ಸಾವಿರ ಅಂದರು. ನನ್ನ ಕೈಯಲ್ಲಿ ಇರೋದು 40 ಸಾವಿರ. ನಾವು ಕೇಳೋದು ಬೆಳಿಗ್ಗೆ ದಾಸರ ಪದ, ಆಮೇಲೆ ಹಳೆ ಸಿನಿಮಾ ಹಾಡು. ಅಪ್ಪ ಜೊತೆಗಿದ್ದರೆ ಬುರ್ರಕಥೆ, ಬಯಲಾಟದ ಪದ. ಮೊದಲು ಯಾವುದಕ್ಕೆ ಕೈ ಹಾಕಲಿ?

ತೋರಣಗಲ್ಲು ಶಿಫ್ಟ್ (ಬಳ್ಳಾರಿ ಜಿಲ್ಲೆ)

ಮೊದಲು ಆ ಕರಕರ ಅನ್ನೋ ಸ್ಪೀಕರ್ ಬಿಚ್ಚಿ ನೋಡಿ ಅಣ್ಣ. ನಮ್ಮ ಕಡೆ ಗಾಡಿಗಳಲ್ಲಿ ಇದು ಮಾಮೂಲಿ ಕಾಯಿಲೆ.

ನನ್ನ ಬೊಲೆರೊದ ಸ್ಪೀಕರ್ ಬಿಚ್ಚಿದಾಗ ಕಂಡಿದ್ದು ಹೇಳ್ತೀನಿ. ಮುಂದಿನ ಜಾಳಿಗೆ ನೋಡೋಕೆ ಚೆನ್ನಾಗಿಯೇ ಇತ್ತು. ಹಿಂದೆ ತಿರುಗಿಸಿದರೆ ಮ್ಯಾಗ್ನೆಟ್ ಸುತ್ತ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು, ಅದರ ಮಧ್ಯೆ ಕರಿ ಕಣಗಳು ಮುಳ್ಳಿನ ಹಾಗೆ ನೆಟ್ಟಗೆ ನಿಂತಿದ್ದವು. ಅದಿರಿನ ಧೂಳು ಅಂದ್ರೆ ಬರೀ ಮಣ್ಣಲ್ಲ, ಮ್ಯಾಗ್ನೆಟ್‌ಗೆ ಅಂಟೋ ಕಣಗಳೂ ಅದರಲ್ಲಿ ಇರುತ್ತವೆ. ಕೋನ್ (ಅಲುಗಿ ಸದ್ದು ಮಾಡೋ ಪೊರೆ) ಮೇಲೆ ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗೆ ಮರಳು ತಿಕ್ಕಿದ ಸದ್ದು. ಕೋನ್ ಅಲುಗಿಸೋ ತಂತಿ ಸುರುಳಿ, ಅಂದ್ರೆ ವಾಯ್ಸ್ ಕಾಯಿಲ್, ಓಡಾಡೋ ಸಂದು ಒಂದೆರಡು ಮಿಲಿಮೀಟರ್ ಇರುತ್ತೆ ಅಷ್ಟೆ. ಅಲ್ಲಿಗೆ ಈ ಕಣ ಹೊಕ್ಕರೆ ಮ್ಯಾಗ್ನೆಟ್ಟೇ ಅದನ್ನು ಹಿಡಿದುಕೊಂಡು ಕೂರುತ್ತೆ. ಗಾಳಿ ಹೊಡೆದರೂ ಬರಲ್ಲ.

ಹಂಗಾಗಿ ವಾಟ್ ಎಷ್ಟು ಅನ್ನೋದು ಆಮೇಲೆ. ಸ್ಪೀಕರಿನ ಹಿಂಭಾಗ ಮುಚ್ಚಿದೆಯಾ ತೆರೆದಿದೆಯಾ, ಅದನ್ನು ಮೊದಲು ನೋಡಿ. ಸಂಡೂರು ರೋಡಿನಲ್ಲಿ ಲಾರಿ ಹಿಂದೆ ಹೋಗೋ ಗಾಡಿಗೆ ಅದೇ ಮುಖ್ಯ.

ಗಂಗಾವತಿ ಜಿಮ್ನಿ (ಕೊಪ್ಪಳ ಜಿಲ್ಲೆ)

ಮೇಲಿನವರ ಮಾತಿಗೆ ನನ್ನದೂ ಸೈ. ನಮ್ಮ ಕಡೆ ಕೆಂಧೂಳು ಕಡಿಮೆ, ಆದರೆ ಸುಗ್ಗಿಯಲ್ಲಿ ಭತ್ತದ ಹೊಟ್ಟಿನ ಧೂಳು ಇದೆ. ಅದು ಹಗುರ, ಎಲ್ಲಾ ಸಂದಿಗೂ ಹೋಗುತ್ತೆ.

ಒಂದು ಸಲಹೆ. ಕೊಳ್ಳುವಾಗ ಐಪಿ ನಂಬರ್ ಕೇಳಿ. ಮೊದಲನೇ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಐಪಿ 54 ಅಂದ್ರೆ ಧೂಳು ಸ್ವಲ್ಪ ಹೋಗಬಹುದು, ಕೆಲಸ ಕೆಡಲ್ಲ, ನೀರು ಸಿಡಿದರೆ ತಡೆಯುತ್ತೆ. ಐಪಿ 65 ಅಂದ್ರೆ ಧೂಳು ಪೂರ್ತಿ ಬಂದ್, ಪೈಪಿನಲ್ಲಿ ನೀರು ಹೊಡೆದರೂ ಸರಿ. ಐಪಿ 67 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತೆ. ದೋಣಿಗೆ ಅಂತ ಮಾಡೋ ಮರೈನ್ ಸ್ಪೀಕರ್‌ಗಳಲ್ಲಿ ಇಂಥವು ಸಿಗುತ್ತವೆ. ಬಿಸಿಲಿಗೆ ಬಣ್ಣ ಹೋಗಲ್ಲ, ಕೋನ್ ಪ್ಲಾಸ್ಟಿಕ್‌ದು, ಸುತ್ತಲಿನ ಪಟ್ಟಿ ರಬ್ಬರಿನದು. ಕಾಗದದ ಕೋನ್, ಫೋಮ್ ಪಟ್ಟಿ ಇರೋದನ್ನು ಸಾಫ್ಟ್ ಟಾಪ್‌ಗೆ ಹಾಕಲೇಬೇಡಿ. ನಮ್ಮ ಬಿಸಿಲಿಗೆ ಫೋಮ್ ಪುಡಿಪುಡಿ ಆಗುತ್ತೆ.

ರಾಯಚೂರು ಬಿಸಿಲು (ರಾಯಚೂರು)

ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮನೆಯಲ್ಲಿ ಫೋರ್ಸ್ ಗುರ್ಖಾ ಗಾಡಿ ಇದೆ. 2000 ವಾಟ್ ಅನ್ನೋ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು.

ಡಬ್ಬದ ಮೇಲೆ ದೊಡ್ಡದಾಗಿ ಬರೆಯೋದು ಪೀಕ್ ವಾಟ್, ಅಂದ್ರೆ ಕ್ಷಣಮಾತ್ರದ್ದು. ಅದಕ್ಕೆ ಬೆಲೆ ಕೊಡಬೇಡಿ. ಆರ್‌ಎಂಎಸ್ (ಬಿಡದೆ ಕೊಡೋ ವಾಟ್) ಎಷ್ಟು, ಅದೂ 4 ಓಮ್ ಸ್ಪೀಕರ್‌ಗೆ ಎಷ್ಟು ಅಂತ ಕೇಳಿ. ಆಂಪ್ಲಿಫೈಯರಿನ ಮೇಲಿರೋ ಫ್ಯೂಸ್ ನೋಡಿದರೇ ಅರ್ಧ ನಿಜ ಗೊತ್ತಾಗುತ್ತೆ. ಗಾಡಿಯಲ್ಲಿ ಎಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಇರುತ್ತೆ. ಫ್ಯೂಸ್ 30 ಆಂಪಿಯರ್ ಅಂದ್ರೆ ಒಳಗೆ ಹೋಗೋದೇ 414 ವಾಟ್. ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತೆ. 2000 ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ವಾಟ್ ಎರಡರಷ್ಟು ಮಾಡಿದರೆ ಸದ್ದು ಏರೋದು 3 ಡೆಸಿಬೆಲ್ ಮಾತ್ರ. ಕಿವಿಗೆ 'ಎರಡರಷ್ಟು ಜೋರು' ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ವಾಟ್. ಅದರ ಬದಲು ಸ್ಪೀಕರಿನ ಸೆನ್ಸಿಟಿವಿಟಿ ನೋಡಿ, ಅಂದ್ರೆ ಅಷ್ಟೇ ವಾಟ್‌ಗೆ ಎಷ್ಟು ಜೋರು ಕೇಳುತ್ತೆ ಅನ್ನೋದು. 89 ಡೆಸಿಬೆಲ್ ಇರೋದರ ಬದಲು 92 ಇರೋದು ತಗೊಂಡರೆ, ಆಂಪ್ಲಿಫೈಯರ್ ಮುಟ್ಟದೇ ವಾಟ್ ಎರಡರಷ್ಟು ಮಾಡಿದ ಹಾಗೆ. ಈ ಲೆಕ್ಕ ಯಾಕೋ ಅಂಗಡಿಗಳಲ್ಲಿ ಯಾರೂ ಹೇಳಲ್ಲ.

ತಬಲಾ ಕೇಳಲ್ಲ ಅಂದಿರಿ ಅಲ್ವಾ. ಅದಕ್ಕೆ ಕಾರಣ ಟೈರು, ಎಂಜಿನ್, ಕ್ಯಾನ್ವಾಸ್ ಪಟಪಟ. ಆ ಸದ್ದೆಲ್ಲ ಜಾಸ್ತಿ ಇರೋದು ಕೆಳಗಿನ ಸ್ವರದ ಕಡೆಯೇ. ಹಾಡಿನಲ್ಲಿರೋ ಕೆಳಗಿನ ಸ್ವರವನ್ನು ಅದು ನುಂಗಿಬಿಡುತ್ತೆ. ಮೇಲಿನ ಸ್ವರ ಉಳಿಯುತ್ತೆ, ಚುಚ್ಚುತ್ತೆ. ನೀವು ವಾಲ್ಯೂಮ್ ಏರಿಸಿದಷ್ಟೂ ಚುಚ್ಚೋದೇ ಜಾಸ್ತಿ.

ಸಿಂಧನೂರು ವೈರಿಂಗ್ (ರಾಯಚೂರು ಜಿಲ್ಲೆ)

ಮೇಡಂ ಸರಿಯಾಗಿ ಹೇಳಿದ್ದಾರೆ. ನಾನು ಸಿಂಧನೂರಿನಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಜೀಪು ಸ್ವಲ್ಪ, ಜಾಸ್ತಿ ಟ್ರ್ಯಾಕ್ಟರ್. ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್‌ಗೆ ಸೌಂಡ್ ಹಾಕಿಸೋದು ಎಷ್ಟು ಪ್ರೀತಿಯ ಕೆಲಸ ಅಂತ ಇಲ್ಲಿಯವರಿಗೆ ಗೊತ್ತು. ಮೇಲೆ ಛತ್ರಿ ಬಿಟ್ಟರೆ ಏನೂ ಇಲ್ಲ. ಎರೆಹೊಲದ ಧೂಳು, ಕೆಸರು, ದಿನವಿಡೀ ಕುಲುಕಾಟ. ಟ್ರ್ಯಾಕ್ಟರ್ ಮೇಲೆ ಎರಡು ಸುಗ್ಗಿ ಬಾಳಿದ ಸೌಂಡ್ ಥಾರ್‌ನಲ್ಲಿ ಆರಾಮಾಗಿ ಬಾಳುತ್ತೆ. ಆ ಅನುಭವದಿಂದ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ರಿಪೇರಿಗೆ ಬರೋ ಗಾಡಿಗಳಲ್ಲಿ ಸ್ಪೀಕರ್ ಸುಟ್ಟಿದ್ದಕ್ಕಿಂತ ವೈರಿಂಗ್ ಕೆಟ್ಟಿದ್ದೇ ಜಾಸ್ತಿ. ಹಂಗಾಗಿ ನಿಮ್ಮ 40 ಸಾವಿರದಲ್ಲಿ ಮೊದಲು ವೈರಿಂಗ್ ಸಾಮಾನಿಗೆ ದುಡ್ಡು ತೆಗೆದಿಡಿ. ಉಳಿದಿದ್ದರಲ್ಲಿ ಸ್ಪೀಕರ್, ಆಂಪ್ಲಿಫೈಯರ್.

ವೈರ್ ತಾಮ್ರದ್ದೇ ಇರಲಿ. ಅಂಗಡಿಯಲ್ಲಿ ಸಿಗೋ ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ತಂತಿ ಮೇಲೆ ತಾಮ್ರದ ಲೇಪ ಇರುತ್ತೆ. ಅಲ್ಯೂಮಿನಿಯಂ ಕರೆಂಟ್ ಸಾಗಿಸೋದು ತಾಮ್ರದ 60 ಪರ್ಸೆಂಟ್ ಹತ್ತಿರ ಅಷ್ಟೆ. ಕುಲುಕಾಟಕ್ಕೆ ಬೇಗ ಮುರಿಯುತ್ತೆ ಕೂಡ. ತುದಿ ಸ್ವಲ್ಪ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಆದರೆ ಒಳ್ಳೆ ತಾಮ್ರಕ್ಕೂ ಕೆಲವರು ತವರದ ಲೇಪ ಹಾಕಿರುತ್ತಾರೆ, ಅದು ಕೆರೆದರೆ ಒಳಗೆ ಕೆಂಪು ಕಾಣುತ್ತೆ. ಅದು ನಮಗೆ ಇನ್ನೂ ಒಳ್ಳೆಯದು, ತೇವಕ್ಕೆ ಹಸಿರು ಹಿಡಿಯಲ್ಲ.

ಬ್ಯಾಟರಿಯಿಂದ ಒಂದು ಮೊಳದೊಳಗೆ ಮೇನ್ ಫ್ಯೂಸ್ ಇರಲೇಬೇಕು. 45 ಸೆಂಟಿಮೀಟರ್ ಅಂತ ಪದ್ಧತಿ. ಈ ಫ್ಯೂಸ್ ಇರೋದು ಆಂಪ್ಲಿಫೈಯರ್ ಉಳಿಸೋಕಲ್ಲ, ಗಾಡಿ ಉಳಿಸೋಕೆ. ಆಫ್‌ರೋಡಿನಲ್ಲಿ ಬಾಡಿ ತಿರುಚಿಕೊಳ್ಳುತ್ತೆ. ಫೈರ್‌ವಾಲ್ (ಎಂಜಿನ್ ಮತ್ತು ಸೀಟಿನ ಭಾಗದ ನಡುವಿನ ತಗಡು) ತೂತಿನ ಅಂಚು ವೈರನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತೆ. ಒಂದಿನ ತಗಡಿಗೆ ತಾಗಿತು ಅಂದ್ರೆ ಬ್ಯಾಟರಿಯ ಪೂರ್ತಿ ಕರೆಂಟ್ ಅಲ್ಲೇ. ಬೆಂಕಿ ಹತ್ತೋಕೆ ಜಾಸ್ತಿ ಹೊತ್ತು ಬೇಡ. ತೂತಿಗೆ ರಬ್ಬರ್ ಗ್ರೋಮೆಟ್, ವೈರ್ ಮೇಲೆ ಸುಕ್ಕು ಪೈಪ್, ಗೇಣಿಗೊಂದು ಕ್ಲಾಂಪ್. ಇದನ್ನು ಬಿಡಬೇಡಿ.

ಜಾಯಿಂಟ್‌ಗೆ ಸೋಲ್ಡರಿಂಗ್ ಬೇಡ, ಲಗ್ (ತುದಿಗೆ ಹಾಕೋ ಲೋಹದ ಬಿಲ್ಲೆ) ಹಾಕಿ ಕ್ರಿಂಪ್ ಮಾಡಿಸಿ, ಅಂದ್ರೆ ಒತ್ತಿ ಬಿಗಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಸೋಲ್ಡರ್ ವೈರಿನ ಒಳಗೆ ಹರಿದು ಗಟ್ಟಿಯಾಗುತ್ತೆ. ಎಲ್ಲಿ ಗಟ್ಟಿ ಮುಗಿಯುತ್ತೋ ಅಲ್ಲೇ ಕುಲುಕಾಟಕ್ಕೆ ಮುರಿಯುತ್ತೆ. ಸ್ಕ್ರೂ ಬದಲು ನೈಲಾನ್ ಇರೋ ಲಾಕ್ ನಟ್ಟು ಹಾಕಿ.

ಅರ್ಥ್ ವಿಷಯ ಬಹಳ ಜನ ಗಮನ ಕೊಡಲ್ಲ. ಥಾರ್‌ನಲ್ಲಿ ಚಾಸಿಸ್ ಬೇರೆ, ಬಾಡಿ ಬೇರೆ. ನಡುವೆ ರಬ್ಬರ್ ಬುಶ್. ಎರಡನ್ನೂ ಸೇರಿಸೋದು ಒಂದು ಪಟ್ಟಿ ಮಾತ್ರ. ಸ್ಟೀರಿಯೊ ಬಾಡಿಗೆ ಅರ್ಥ್ ಆಗಿ, ಆಂಪ್ಲಿಫೈಯರ್ ಚಾಸಿಸ್‌ಗೆ ಅರ್ಥ್ ಆದರೆ, ಎಂಜಿನ್ ರೇಸ್ ಮಾಡಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು ಏರುತ್ತೆ. ಎರಡೂ ಬಾಡಿಗೇ ಕೊಡಿ. ಆ ಜಾಗದ ಪೇಂಟ್ ಕೆರೆದು ತಗಡು ಹೊಳೆಯೋ ಹಾಗೆ ಮಾಡಿ, ಬೋಲ್ಟ್ ಬಿಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಬಳಿಯಿರಿ. ಬ್ಯಾಟರಿ ವೈರ್ ಒಂದು ಪಕ್ಕ, ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಸಿಗ್ನಲ್ ಒಯ್ಯೋ ಆರ್‌ಸಿಎ ವೈರ್ ಇನ್ನೊಂದು ಪಕ್ಕ.

ಕೌಲ್‌ಬಜಾರ್ ಥಾರ್

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಥ್ಯಾಂಕ್ಸ್. ಸ್ಪೀಕರ್ ಬಿಚ್ಚಿದೆ. ತೋರಣಗಲ್ಲಿನ ಅಣ್ಣ ಹೇಳಿದ ಹಾಗೇ ಇದೆ, ಕೆಂಪು ಪುಡಿ, ಒತ್ತಿದರೆ ತಿಕ್ಕೋ ಸದ್ದು. ಆಂಪ್ಲಿಫೈಯರ್ ಎಲ್ಲಿ ಕೂರಿಸಬೇಕು? ಅಂಗಡಿಯವರು ಡ್ರೈವರ್ ಸೀಟಿನ ಕೆಳಗೆ ಅಂದಿದ್ದರು.

ಸಿಂಧನೂರು ವೈರಿಂಗ್

ಸೀಟಿನ ಕೆಳಗೆ ಬೇಡ ತಮ್ಮಾ. ಮಳೆಗಾಲದಲ್ಲಿ ಹಳ್ಳ ದಾಟುತ್ತೀರಿ, ಮ್ಯಾಟ್ ಕೆಳಗೆ ನೀರು ನಿಲ್ಲುತ್ತೆ. ಗಾಡಿ ತೊಳೆಯೋವಾಗಲೂ ಅಲ್ಲಿಗೇ ನೀರು. ಹಿಂದಿನ ಪಕ್ಕದ ಗೋಡೆಗೆ, ಸೀಟಿನ ಬೆನ್ನಿಗಿಂತ ಕೆಳಗೆ ಆದರೆ ನೆಲದಿಂದ ಒಂದು ಗೇಣು ಮೇಲೆ, ನೆಟ್ಟಗೆ ನಿಲ್ಲಿಸಿ. ಹೀಟ್ ಸಿಂಕಿನ ಪಟ್ಟಿಗಳು ಮೇಲೆ ಕೆಳಗೆ ಹೋಗೋ ಹಾಗೆ ಇರಲಿ, ಬಿಸಿ ಗಾಳಿ ತಾನೇ ಏರುತ್ತೆ. ಮಕಾಡೆ ಮಾತ್ರ ಹಾಕಬೇಡಿ.

ಕ್ಲಾಸ್ ಡಿ ಆಂಪ್ಲಿಫೈಯರ್ ತಗೊಳ್ಳಿ. ಹಳೆ ಕ್ಲಾಸ್ ಎಬಿಗೆ 400 ವಾಟ್ ಹೊರಗೆ ಬರಬೇಕಾದರೆ 50 ಆಂಪಿಯರ್ ಮೇಲೆ ಎಳೆಯುತ್ತೆ. ಕ್ಲಾಸ್ ಡಿ ಆದರೆ 36ರ ಹತ್ತಿರ. ಉಳಿದದ್ದೆಲ್ಲ ಬಿಸಿ. ರಾಯಚೂರಿನ ಮೇ ತಿಂಗಳಲ್ಲಿ, ಹೊರಗೇ 40 ದಾಟಿದಾಗ, ಎಬಿ ಆಂಪ್ಲಿಫೈಯರ್ ಪ್ರೊಟೆಕ್ಟ್‌ಗೆ ಹೋಗಿ ಬಂದ್ ಆಗೋದು ನೋಡ್ತಾನೇ ಇರ್ತೀನಿ. ನಿಮಗೆ 400 ಬೇಕಾಗೂ ಇಲ್ಲ. ನಾಲ್ಕು ಚಾನೆಲ್, ಒಂದೊಂದಕ್ಕೆ 75 ವಾಟ್ ಆರ್‌ಎಂಎಸ್ ಇದ್ದರೆ ಸಾಕು.

ಕುಷ್ಟಗಿ ಬೇಸ್ (ಕೊಪ್ಪಳ ಜಿಲ್ಲೆ)

ಎಲ್ಲಾ ಸರಿ, ಆದರೆ ಸಬ್‌ವೂಫರ್ ಬಿಟ್ಟುಬಿಡಿ ಅಂತ ಹೇಳಬೇಡಿ. ಎದೆಗೆ ತಾಗದಿದ್ದರೆ ಅದು ಸಂಗೀತಾನಾ? ನನ್ನ ಸ್ಕಾರ್ಪಿಯೊದಲ್ಲಿ 12 ಇಂಚಿನದು ಇದೆ. ಹೊಸಪೇಟೆ ಹೈವೇಯಲ್ಲಿ ಡೊಳ್ಳು ಹಾಕಿದರೆ ಮೈ ಜುಮ್ ಅನ್ನುತ್ತೆ. ಮೇಡಂ ಹೇಳಿದ ಹಾಗೆ ಗಾಡಿಯ ಸದ್ದು ಕೆಳಗಿನ ಸ್ವರ ನುಂಗುತ್ತೆ ಅಂದ್ರೆ, ಅದನ್ನೇ ಜಾಸ್ತಿ ಕೊಡಬೇಕು ಅಲ್ವಾ?

ರಾಯಚೂರು ಬಿಸಿಲು

ನಿಮ್ಮ ಮಾತು ಸ್ಕಾರ್ಪಿಯೊಗೆ ಪೂರ್ತಿ ಸರಿ. ಮುಚ್ಚಿದ ಗಾಡಿಯೊಳಗೆ ಕೆಳಗಿನ ಸ್ವರ ತಾನಾಗೇ ಬಲವಾಗುತ್ತೆ. ಗಾಳಿ ಹೊರಗೆ ಹೋಗೋಕೆ ಜಾಗ ಇಲ್ಲ, ಸಣ್ಣ ಕೋಣೆಯ ಒತ್ತಡ ಏರುತ್ತೆ, ಇಳಿಯುತ್ತೆ. ಬೇಸ್ ಅರ್ಧದಷ್ಟು ಪುಕ್ಕಟೆ ಸಿಕ್ಕ ಹಾಗೆ. ಕ್ಯಾನ್ವಾಸ್ ಗಾಡಿಯಲ್ಲಿ ಅದು ಇಲ್ಲ. ಟಾಪ್ ಮಡಚಿದರೆ 12 ಇಂಚಿನ ಸದ್ದು ಬಯಲಿಗೆ ಹೋಗುತ್ತೆ. ಅಕ್ಕಪಕ್ಕದವರಿಗೆ ಕೇಳುತ್ತೆ, ನಿಮಗೆ ಕೇಳಲ್ಲ.

ತಬಲಾದ ಬಾಯಾಂ (ಎಡಗೈಯಲ್ಲಿ ನುಡಿಸೋದು), ಬುರ್ರಕಥೆಯ ಗುಮ್ಮಟೆ, ಗಂಡು ದನಿಯ ಎದೆಯ ತೂಕ, ಇವೆಲ್ಲ ಜಾಸ್ತಿ ಇರೋದು ಸುಮಾರು 80 ಹರ್ಟ್ಸ್‌ನಿಂದ 250ರ ಆಸುಪಾಸಿನಲ್ಲಿ. ತೆರೆದ ಗಾಡಿಯಲ್ಲಿ ಗೆಲ್ಲಿಸಬೇಕಾದ ಜಾಗ ಅದು. ಆರೂವರೆ ಇಂಚಿನ ಒಳ್ಳೆ ಸ್ಪೀಕರ್, ಗಟ್ಟಿ ಡಬ್ಬದಲ್ಲಿ, ಕಿವಿಗೆ ಹತ್ತಿರ ಇದ್ದರೆ ಈ ಕೆಲಸ ಆಗುತ್ತೆ. ದಾಸರ ಪದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಸಿಂಧನೂರು ವೈರಿಂಗ್

ಇನ್ನೊಂದು ಕಾರಣ ಸೇರಿಸ್ತೀನಿ. 12 ಇಂಚಿನ ಡಬ್ಬ, ಮ್ಯಾಗ್ನೆಟ್ ಸಮೇತ ಒಂದು ಸಿಮೆಂಟ್ ಚೀಲದ ಅರ್ಧ ತೂಕ ಇರಬಹುದು. ಥಾರ್‌ನಲ್ಲಿ ಹಿಂದೆ ಎದುರುಬದರು ಸೀಟು, ಮಧ್ಯೆ ಜನರ ಕಾಲು. ಗಾಡಿ ಓರೆಯಾದಾಗ, ಬ್ರೇಕ್ ಹೊಡೆದಾಗ ಆ ಡಬ್ಬ ಜಾರಿತು ಅಂದ್ರೆ ಕಾಲು ಮುರಿಯುತ್ತೆ. ಹಗ್ಗದಲ್ಲಿ ಕಟ್ಟಿರೋ ಡಬ್ಬಗಳನ್ನು ನೋಡಿದಾಗ ನನಗೆ ಸಿಟ್ಟು ಬರುತ್ತೆ. ಬೇಸ್ ಬೇಕೇಬೇಕು ಅಂದ್ರೆ ಸೀಟಿನ ಕೆಳಗೆ ಕೂರೋ 8 ಇಂಚಿನ ಚಪ್ಪಟೆ ಸಬ್ ಸಿಗುತ್ತೆ, ಆಂಪ್ಲಿಫೈಯರ್ ಅದರೊಳಗೇ. ಆದರೆ ನೀರಿನ ಮಾತು ಅದಕ್ಕೂ ಅನ್ವಯ. ಈಗ ಬೇಡ, ಆಮೇಲೆ ಹಾಕಿಸಬಹುದು. ಅದಕ್ಕೆ ಬೇಕಾದ ವೈರ್ ಈಗಲೇ ಎಳೆದಿಟ್ಟರೆ ಒಳ್ಳೆಯದು.

ಗಂಗಾವತಿ ಜಿಮ್ನಿ

ಸ್ಪೀಕರ್ ಎಲ್ಲಿ ಅನ್ನೋದಕ್ಕೆ: ರೋಲ್ ಬಾರ್‌ಗೆ (ತಲೆ ಮೇಲಿನ ಕಬ್ಬಿಣದ ಕಮಾನು) ಕ್ಲಾಂಪ್ ಹಾಕಿ ಕಟ್ಟೋ ಪಾಡ್‌ಗಳು ಬರುತ್ತವೆ, ಮುಚ್ಚಿದ ಡಬ್ಬ ಸಮೇತ. ಹಿಂಭಾಗಕ್ಕೆ ಧೂಳು ಹೋಗೋ ದಾರಿನೇ ಇಲ್ಲ. ಕಿವಿಯ ಹತ್ತಿರ ಇರೋದರಿಂದ ಕಡಿಮೆ ವಾಲ್ಯೂಮ್ ಸಾಕು. ತಲೆಗೆ ತಾಗದ ಜಾಗ ನೋಡಿ ಕಟ್ಟಿಸಿ, ಹಿಂದೆ ಕೂತವರು ಗುಂಡಿಯಲ್ಲಿ ಎಗರುತ್ತಾರೆ.

ಹೊಸ ಗಾಡಿ ಇರೋರಿಗೂ ಒಂದು ಮಾತು. ನನ್ನದು ವಾರಂಟಿಯಲ್ಲಿದೆ. ಕಂಪನಿ ವೈರ್ ಒಂದನ್ನೂ ಕತ್ತರಿಸಲಿಲ್ಲ, ಕಪ್ಲರ್‌ಗೆ ಕಪ್ಲರ್ ಕೂರೋ ಹಾರ್ನೆಸ್ ತಗೊಂಡೆ. ಕಂಪನಿ ಸ್ಟೀರಿಯೊ ಹಾಗೇ ಇಟ್ಟುಕೊಂಡು, ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತಗೊಳ್ಳೋ ಹೈ ಲೆವೆಲ್ ಇನ್‌ಪುಟ್ ಇರೋ ಆಂಪ್ಲಿಫೈಯರ್ ಹಾಕಿಸಿದೆ. ಬಾಗಿಲಿನೊಳಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದ್ದು ಕೊಟ್ಟ ದುಡ್ಡಿಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿತು. ಬಾಗಿಲು ಹಾಕೋ ಸದ್ದೇ ಬದಲಾಯಿತು. ಕೆಳಗಿನ ನೀರಿನ ತೂತು ಮಾತ್ರ ಮುಚ್ಚಬೇಡಿ.

ಕೌಲ್‌ಬಜಾರ್ ಥಾರ್

ಡ್ಯಾಂಪಿಂಗ್ ಅಂದಾಗ ಒಂದು ಯೋಚನೆ ಬಂತು. ನಮ್ಮ ಏರಿಯಾದಲ್ಲಿ ಜೀನ್ಸ್ ಹೊಲಿಯೋ ಘಟಕಗಳು ಬೇಕಾದಷ್ಟು. ಕಟಿಂಗ್ ವೇಸ್ಟ್ ಚೀಲಗಟ್ಟಲೆ ಸಿಗುತ್ತೆ. ಅದನ್ನು ಪ್ಯಾನೆಲ್ ಹಿಂದೆ ತುಂಬಿದರೆ ಸದ್ದು ಕಡಿಮೆ ಆಗುತ್ತಾ?

ರಾಯಚೂರು ಬಿಸಿಲು

ಹತ್ತಿ ಸದ್ದನ್ನು ಹೀರುತ್ತೆ, ಅದು ನಿಜ. ನೀರನ್ನೂ ಹೀರುತ್ತೆ. ಪ್ಯಾನೆಲ್ ಹಿಂದೆ ಒದ್ದೆ ಜೀನ್ಸ್ ಕೂತರೆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತೆ. ಸಾಫ್ಟ್ ಟಾಪ್‌ಗೆ ಖಂಡಿತ ಬೇಡ. ಆದರೆ ಪೂರ್ತಿ ಮುಚ್ಚಿದ ಸ್ಪೀಕರ್ ಡಬ್ಬದೊಳಗೆ ಚೂರು ಮಾಡಿ, ಹಿಂಜಿ, ಸಡಿಲವಾಗಿ ತುಂಬಬಹುದು. ಡಬ್ಬ ಸ್ವಲ್ಪ ದೊಡ್ಡದಾದ ಹಾಗೆ ಸ್ಪೀಕರ್ ನಡೆದುಕೊಳ್ಳುತ್ತೆ. ದಾರ ಕೋನ್‌ಗೆ ಸಿಕ್ಕದ ಹಾಗೆ ತೆಳು ಬಟ್ಟೆಯಲ್ಲಿ ಸುತ್ತಿ.

ತೋರಣಗಲ್ಲು ಶಿಫ್ಟ್

ಪರದೆ ವಿಷಯ ಯಾರೂ ಹೇಳಲಿಲ್ಲ. 9 ಇಂಚಿನ ಆಂಡ್ರಾಯ್ಡ್ ಸಾಫ್ಟ್ ಟಾಪ್‌ಗೆ ಬೇಡ ಅಂತ ನನ್ನ ಅಭಿಪ್ರಾಯ. ಬಿಸಿಲು ನೇರ ಬಿದ್ದರೆ ಏನೂ ಕಾಣಲ್ಲ. ಕ್ಯಾನ್ವಾಸ್ ಗಾಡಿಗೆ ಬೀಗ ಅನ್ನೋದೂ ಹೆಸರಿಗೆ ಮಾತ್ರ. ಮುಖಫಲಕ ಬಿಚ್ಚಿ ಜೇಬಿಗೆ ಹಾಕಿಕೊಳ್ಳೋ ಸಾದಾ ಸ್ಟೀರಿಯೊ ಸಾಕು. ದಾರಿ ನೋಡೋಕೆ ಫೋನ್ ಇದೆ. ಪ್ರೀ ಔಟ್ (ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹೋಗೋ ಸಿಗ್ನಲ್) 4 ವೋಲ್ಟ್ ಇದ್ದರೆ ಒಳ್ಳೆಯದು, 2 ವೋಲ್ಟ್‌ಗಿಂತ ಸಿಗ್ನಲ್ ಬಲವಾಗಿರುತ್ತೆ, ಗಲಾಟೆ ಕಡಿಮೆ.

ಇನ್ನೊಂದು ಮನಸ್ಸಿನ ಮಾತು. ಸಂಡೂರಿನ ಕಾಡು, ದರೋಜಿ ಕರಡಿ ಧಾಮದ ಸುತ್ತಮುತ್ತ ಹೋದಾಗ ದಯವಿಟ್ಟು ಬಂದ್ ಮಾಡಿ. ಕರಡಿಗಳು ಬಂಡೆ ಇಳಿದು ಬರೋದು ಸಂಜೆ ಹೊತ್ತಿಗೆ. ನಮ್ಮ ಹಾಡು ಆ ಹೊತ್ತಿನಲ್ಲಿ ಬೇಡ. ಒಳ್ಳೆ ಸಿಸ್ಟಂ ಹಾಕಿಸಿಕೊಂಡವರು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನೂ ತಿಳಿದಿರಬೇಕು.

ಕುಷ್ಟಗಿ ಬೇಸ್

ಇದಕ್ಕೆ ನಾನೂ ಕೈ ಎತ್ತುತ್ತೇನೆ. ಊರೊಳಗೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್ ಮಾಡೋದೇ ಸರಿ. ಆಸ್ಪತ್ರೆ, ಶಾಲೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಬೇಸ್ ಪ್ರೀತಿ ಇದ್ದರೂ ಅದು ಅದೇ, ಇದು ಇದೇ.

ಕೌಲ್‌ಬಜಾರ್ ಥಾರ್

ಎಲ್ಲರ ಮಾತು ಕೇಳಿ ತೀರ್ಮಾನ ಮಾಡಿದೆ. ರೋಲ್ ಬಾರ್‌ಗೆ ಎರಡು ಆರೂವರೆ ಇಂಚಿನ ಮರೈನ್ ಪಾಡ್. ಡ್ಯಾಶ್ ಕೆಳಗೆ ಇರೋ 4 ಇಂಚಿನದು ತೆಗೆದು ರಬ್ಬರ್ ಪಟ್ಟಿಯದ್ದು. ಹಿಂದಿನ ಓವಲ್ ಎರಡೂ ಹೊರಗೆ. ನಾಲ್ಕು ಚಾನೆಲ್ ಕ್ಲಾಸ್ ಡಿ, 75 ವಾಟ್‌ನದು. ತಾಮ್ರದ 8 ಗೇಜ್ ವೈರ್. ಸಾದಾ ಸ್ಟೀರಿಯೊ. ಸಬ್ ಈಗ ಇಲ್ಲ. ಲೆಕ್ಕ 40ರೊಳಗೇ ಬರುತ್ತಿದೆ. ಅಪ್ಪನಿಗೆ ಹೇಳಿದೆ, ಖುಷಿಪಟ್ಟರು.

ಸಿಂಧನೂರು ಅಣ್ಣಾ, ಗೇನ್ (ಆಂಪ್ಲಿಫೈಯರ್ ಸಿಗ್ನಲ್ ಎಷ್ಟು ಹೆಚ್ಚಿಸಬೇಕು ಅನ್ನೋ ತಿರುಪು) ಹೇಗೆ ಹೊಂದಿಸೋದು? ಅಂಗಡಿಯಲ್ಲಿ ಕಿವಿಗೆ ಕೇಳಿ ತಿರುಗಿಸಿಬಿಡುತ್ತಾರೆ. ಮೇನ್ ಫ್ಯೂಸ್ ಎಷ್ಟರದ್ದು?

ಸಿಂಧನೂರು ವೈರಿಂಗ್

ಒಳ್ಳೆ ಆಯ್ಕೆ ತಮ್ಮಾ. 8 ಗೇಜ್ ತಾಮ್ರಕ್ಕೆ 50 ಆಂಪಿಯರ್ ಮೇನ್ ಫ್ಯೂಸ್ ಹಾಕಿ. ಅದಕ್ಕಿಂತ ದೊಡ್ಡದು ಹಾಕಿಸಿಕೊಳ್ಳಬೇಡಿ. ಫ್ಯೂಸ್ ಕಾಯೋದು ವೈರನ್ನು.

ಗೇನ್‌ಗೆ ಮಲ್ಟಿಮೀಟರ್ ಸಾಕು. ಸ್ಪೀಕರ್ ವೈರ್ ಬಿಚ್ಚಿ. ಸ್ಟೀರಿಯೊದಲ್ಲಿ ಬೇಸ್, ಟ್ರೆಬಲ್ ಎಲ್ಲಾ ಸೊನ್ನೆಗೆ ತನ್ನಿ, ವಾಲ್ಯೂಮ್ ಮುಕ್ಕಾಲು. ಆಂಪ್ಲಿಫೈಯರಿನ ಕ್ರಾಸ್‌ಓವರ್ (ಸ್ವರ ಬೇರೆ ಮಾಡೋ ಸೋಸುಕ) ಆಫ್ ಮಾಡಿ. ಫೋನಿನಲ್ಲಿ 1000 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ. ಮೀಟರ್ ಎಸಿ ವೋಲ್ಟ್‌ನಲ್ಲಿ ಇಟ್ಟು ಆಂಪ್ಲಿಫೈಯರಿನ ಸ್ಪೀಕರ್ ತುದಿಯಲ್ಲಿ ಹಿಡಿಯಿರಿ. ವಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್. 75 ಗುಣಿಸು 4 ಅಂದ್ರೆ 300, ಅದರ ವರ್ಗಮೂಲ 17.3. ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ 17ರ ಹತ್ತಿರ ನಿಲ್ಲಿಸಿ. ಆಮೇಲೆ ಆ ಮುಕ್ಕಾಲು ದಾಟಿ ವಾಲ್ಯೂಮ್ ಏರಿಸಬೇಡಿ.

ಪಾಡ್‌ಗಳಿಗೆ ಹೈ ಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಡೆಯೋದು) 80 ಹರ್ಟ್ಸ್, ಡ್ಯಾಶ್‌ನ 4 ಇಂಚಿನದಕ್ಕೆ 120. ಸಣ್ಣ ಸ್ಪೀಕರಿಗೆ ಆಗದ ಕೆಲಸ ಕೊಡಬಾರದು. ಪಾಡ್ ಜಾಳಿಗೆ ಒಳಗಡೆ ತೆಳುವಾದ ಪಾಲಿಯೆಸ್ಟರ್ ಜಾಳಿ ಬಟ್ಟೆ ಹಾಕಿಸಿ. ಸಂಡೂರಿಗೆ ಹೋಗಿ ಬಂದ ಮೇಲೆ ತೆಗೆದು ತೊಳೆದು ಹಾಕಬಹುದು. ಕ್ಲಾಂಪಿನ ನಟ್ಟುಗಳನ್ನು ಮೊದಲನೇ ಗುಡ್ಡದ ಪ್ರಯಾಣ ಆದ ಕೂಡಲೇ ಇನ್ನೊಮ್ಮೆ ಬಿಗಿ ಮಾಡಿಸಿ, ರಬ್ಬರ್ ಕೂತು ಸಡಿಲ ಆಗಿರುತ್ತೆ.

ಕೌಲ್‌ಬಜಾರ್ ಥಾರ್

ಬರೆದಿಟ್ಟುಕೊಂಡೆ ಅಣ್ಣಾ. ಕ್ರಿಂಪಿಂಗ್ ಪ್ಲೈಯರ್ ನಿಮ್ಮ ಹತ್ತಿರ ದೊಡ್ಡದು ಇದ್ದರೆ, ಸಾಮಾನೆಲ್ಲ ತಗೊಂಡು ಸಿಂಧನೂರಿಗೇ ಬಂದುಬಿಡಲಾ?

ಸಿಂಧನೂರು ವೈರಿಂಗ್

ಬನ್ನಿ. ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರಿದ ಮೇಲೆ ತಗಡು ಮುಟ್ಟೋಕೆ ಆಗಲ್ಲ. ಬರೋ ಮುಂಚೆ ಬ್ಯಾಟರಿ ನೆಗೆಟಿವ್‌ಗೆ 10 ನಂಬರ್ ಸ್ಪ್ಯಾನರ್ ಕೂರುತ್ತಾ ನೋಡಿಕೊಂಡು ಬನ್ನಿ, ಹಳೆ ಟರ್ಮಿನಲ್ ಸವೆದಿದ್ದರೆ ಅದನ್ನೂ ಬದಲಾಯಿಸೋಣ.